ಮೆಟ್ಟಿಲಿನ ಲಾಭ

ಲಿಫ್ಟ್ ಕೆಟ್ಟಿದ್ದರಿಂದ ಆದ ಲಾಭಗಳನ್ನು ನಿವಾಸಿಗಳ ಸಂಘದ ಕಾರ್ಯದರ್ಶಿ ಎದ್ದು ನಿಂತು ವಿವರಿಸುತ್ತಿದ್ದರು. ಐದು ಮಹಡಿಯ ಆ ಕಟ್ಟಡದ ಮನೆಯವರೆಲ್ಲ ಕೆಳಗಿನ ಹಜಾರದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದರು. ಲಿಫ್ಟ್ ನಡೆಸುವ ಲಿಫ್ಟಣ್ಣ ಮಾತ್ರ ಕೆಟ್ಟ ಲಿಫ್ಟಿನೊಳಗೆ ತನ್ನ ಸ್ಟೂಲಿನ ಮೇಲೆ ಕೂತು ಜಾಲರಿ ಬಾಗಿಲಿನ ಸಂದಿಯಿಂದ ಕೇಳಿಸಿಕೊಳ್ಳುತ್ತಿದ್ದ. ಮೋಟಾರು ಸುಟ್ಟು ಮೂರು ತಿಂಗಳಾಗಿತ್ತು. ಅವನು ದಿನಾ ಬಂದು ಅಲ್ಲೇ ಕೂರುತ್ತಿದ್ದ. ಬೇರೆಲ್ಲಾದರೂ ಕೂರು ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

"ಮೊದಲು ನನ್ನನ್ನೇ ತಗೊಳ್ಳಿ," ಎಂದು ಕಾರ್ಯದರ್ಶಿ ಹೊಟ್ಟೆ ತಟ್ಟಿಕೊಂಡರು. "ಬೆಲ್ಟಿಗೆ ಹೊಸ ತೂತು ಹೊಡೆಸಿದ್ದೀನಿ. ದಿಂಬಿಗೆ ತಲೆ ಕೊಟ್ರೆ ಬೆಳಗ್ಗೇನೇ ಏಳೋದು. ಡಾಕ್ಟ್ರೇ, ನೀವೇ ಹೇಳಿ."

ಮೊದಲ ಮಹಡಿಯ ಡಾಕ್ಟರು ಕೇಳಲಿ ಎಂದೇ ಕಾದು ಕೂತಿದ್ದರು. ಮೆಟ್ಟಿಲು ಹತ್ತಿದರೆ ಎದೆಗೆ ಒಳ್ಳೆಯದು, ಇಳಿದರೆ ತೊಡೆಗೆ ಒಳ್ಳೆಯದು, ನಡೆದರೆ ಸಕ್ಕರೆ ಕಡಿಮೆಯಾಗುತ್ತದೆ, ಭಾರ ಎತ್ತಿದರೆ ಮೂಳೆ ಗಟ್ಟಿಯಾಗುತ್ತದೆ, ಯಾವುದನ್ನು ಮಾಡಿದರೂ ಮನಸ್ಸು ಹಗುರಾಗುತ್ತದೆ ಎಂದರು. ಮನಸ್ಸಿನ ಮಾತಿಗೆ ಸಾಕ್ಷಿ ಅಲ್ಲೇ ಅಕ್ಕಪಕ್ಕ ಕೂತಿತ್ತು. ವರ್ಷಗಟ್ಟಲೆ ಮುಖ ತಿರುಗಿಸಿಕೊಂಡು ಓಡಾಡುತ್ತಿದ್ದ ಅತ್ತಿಗೆ ನಾದಿನಿ ಇಬ್ಬರೂ ಮೂರನೇ ಮಹಡಿಯ ತಿರುವಿನಲ್ಲಿ ಏದುಸಿರು ಬಿಡುತ್ತಾ ನಿಂತು, ಒಟ್ಟಿಗೇ "ಉಸ್ಸಪ್ಪಾ" ಎಂದು, ನಕ್ಕು, ರಾಜಿಯಾಗಿದ್ದರು. ಲಿಫ್ಟ್ ಇದ್ದಾಗ ಒಬ್ಬರು ಹತ್ತಿದರೆ ಇನ್ನೊಬ್ಬರು ಹತ್ತುತ್ತಿರಲಿಲ್ಲ. ಲಿಫ್ಟಣ್ಣ ಎರಡೆರಡು ಸಲ ಹೋಗಿ ಬರಬೇಕಾಗಿತ್ತು.

"ಅದಕ್ಕೇ, ಈ ಲಿಫ್ಟ್ ರಿಪೇರಿ ಮಾಡಿಸೋದೇ ಬೇಡ ಅಂತ ನನ್ನ ಅಭಿಪ್ರಾಯ. ಆ ಜಾಗದಲ್ಲಿ ಸೈಕಲ್ ನಿಲ್ಲಿಸೋಣ," ಎಂದರು ಕಾರ್ಯದರ್ಶಿ.

"ಲಿಫ್ಟಣ್ಣ?" ಎಂದು ಹಿಂದಿನಿಂದ ಯಾರೋ ಕೇಳಿದರು.

"ಅವನಿಗೂ ಒಳ್ಳೇದೇ. ಸ್ಟೂಲಿನ ಮೇಲೆ ಕೂತು ಕೂತು ಸೊಂಟ ಹಿಡ್ಕೊಂಡಿದೆ, ಪಾಪ. ನಾಳೆಯಿಂದ ಓಡಾಡೋ ಕೆಲಸ ಯಾವುದಾದ್ರೂ ಹುಡುಕ್ಕೊಳ್ಳಲಿ."

ಉಪಕಾರ ಮಾಡಿದವರ ಮುಖ ಮಾಡಿಕೊಂಡು ಎಲ್ಲರೂ ಲಿಫ್ಟಿನ ಕಡೆ ನೋಡಿದರು. ಲಿಫ್ಟಣ್ಣ ಸ್ಟೂಲಿನಿಂದ ಅರ್ಧ ಎದ್ದು ಮತ್ತೆ ಕೂತ. ಮೇಲೆ ಹೋಗುವುದು, ಕೆಳಗೆ ಬರುವುದು, ಇಷ್ಟು ಬಿಟ್ಟು ಬೇರೇನೂ ಕಲಿಯದ ಐವತ್ತು ದಾಟಿದ ಗಂಡಸನ್ನು ಕರೆದು ಕೆಲಸ ಕೊಡುವ ಪುಣ್ಯಾತ್ಮ ಎಲ್ಲಿದ್ದಾನೆ? ಮನೆಗೆ ಹೋಗಿ ಹೆಂಡತಿಗೆ ಏನೆಂದು ಹೇಳುವುದು? ಅವನು ಇನ್ನೂ ಯೋಚಿಸುತ್ತಿರುವಾಗಲೇ ತಲೆಯ ಮೇಲೆ ಗಂಟೆ ಹೊಡೆಯಿತು. ಮೋಟಾರು ಸತ್ತಿದ್ದರೂ ಗಂಟೆ ಬದುಕಿತ್ತು. ಗುಂಡಿಗಳ ಫಲಕದಲ್ಲಿ ಐದನೇ ಮಹಡಿಯ ದೀಪ ಹೊತ್ತಿಕೊಂಡಿತ್ತು.

ಐದನೇ ಮಹಡಿ ಎಂದರೆ ಅಜ್ಜಿ, ಕಾರ್ಯದರ್ಶಿಯ ತಾಯಿ. ಲಿಫ್ಟ್ ಓಡುತ್ತಿದ್ದಾಗ ದಿನಾ ಸಂಜೆ ನಾಲ್ಕಕ್ಕೆ ಇಳಿದು ಬಂದು, ಕೋಲೂರಿಕೊಂಡು ಗೇಟಿನ ತನಕ ನಡೆದು, ಹೋಗುವವರು ಬರುವವರನ್ನೆಲ್ಲ ಮಾತಾಡಿಸಿ ಮೇಲೆ ಹೋಗುತ್ತಿದ್ದರು. ಅವರ ಮಂಡಿ ಮೆಟ್ಟಿಲಿಗೆ ಬಗ್ಗುವಂಥದ್ದಲ್ಲ. ಆದರೂ ನಾಲ್ಕು ಗಂಟೆಗೆ ಗುಂಡಿ ಒತ್ತುವುದನ್ನು ಬಿಟ್ಟಿರಲಿಲ್ಲ. "ಕೆಟ್ಟಿದೆ ಅಜ್ಜೀ!" ಎಂದು ಲಿಫ್ಟಣ್ಣ ಕೆಳಗಿನಿಂದ ಕೂಗುತ್ತಿದ್ದ. "ಇನ್ನೂನಾ?" ಎಂದು ಮೇಲಿನಿಂದ ಕೇಳಿಬರುತ್ತಿತ್ತು.

ಇವತ್ತು ಅವನು ಕೂಗಲಿಲ್ಲ. ಗಂಟೆ ಹೊಡೆದರೆ ಹೋಗಬೇಕು, ಅದೇ ಅವನ ಕೆಲಸ. ಅದೂ ಇವತ್ತಿಗೆ ಮುಗಿಯಿತು. ಜಾಲರಿ ಎಳೆದು ಹೊರಗೆ ಬಂದು ಮೆಟ್ಟಿಲು ಹತ್ತತೊಡಗಿದ.

"ನೋಡಿ, ಆಗಲೇ ಶುರು ಮಾಡಿಬಿಟ್ಟ!" ಎಂದು ಕಾರ್ಯದರ್ಶಿ ಖುಷಿಪಟ್ಟರು.

ಅಜ್ಜಿ ಚಪ್ಪಲಿ ಮೆಟ್ಟಿ, ಕೋಲು ಹಿಡಿದು, ಲಿಫ್ಟಿನ ಬಾಗಿಲ ಮುಂದೆ ತಯಾರಾಗಿ ನಿಂತಿದ್ದರು. "ಏನಪ್ಪಾ, ಲಿಫ್ಟ್ ಬಿಟ್ಟು ನೀನೊಬ್ಬನೇ ಬಂದ್ಯಾ?"

"ಅದನ್ನ ತೆಗೆದುಹಾಕ್ತಾರಂತೆ ಅಜ್ಜಿ. ನನ್ನನ್ನೂನು. ಮೆಟ್ಟಿಲು ಹತ್ತಿ ಹತ್ತಿ ಎಲ್ಲರೂ ಗಟ್ಟಿಮುಟ್ಟಾಗಿದ್ದಾರೆ."

"ನನಗೆ ಒಂದು ಮಾತೂ ಹೇಳಲಿಲ್ವಲ್ಲೋ ನನ್ನ ಮಗ!" ಅಜ್ಜಿಯ ಕಣ್ಣು ತುಂಬಿತು. "ಕೂತು ಕೂತು ಕಾಲು ಮರಗಟ್ಟಿದೆ. ಮಾತಿಗೆ ಅಂತ ಇರೋದು ಟೀವಿ ಒಂದೇ. ಅದು ತಾನು ಹೇಳೋದೇ ಹೊರತು ನಾನು ಹೇಳಿದ್ದು ಕೇಳೋದಿಲ್ಲ."

ಲಿಫ್ಟಣ್ಣ ಬೆನ್ನು ತಿರುಗಿಸಿ, ಬಗ್ಗಿ ಕುಕ್ಕರುಗಾಲಲ್ಲಿ ಕೂತ. ಅಜ್ಜಿ ಅವನ ಕುತ್ತಿಗೆ ಬಳಸಿ ಹತ್ತಿಕೊಂಡರು.

"ಕೆಳಗಾ?" ಎಂದು ಅಭ್ಯಾಸಬಲದಿಂದ ಕೇಳಿದ.

"ಕೆಳಗೇ," ಎಂದರು ಅಜ್ಜಿ.

ಅವರು ಕೊನೆಯ ಮೆಟ್ಟಿಲು ಮುಟ್ಟುವ ಹೊತ್ತಿಗೆ ಹಜಾರದಲ್ಲಿ ಲಿಫ್ಟ್ ಬೇಡ ಎನ್ನುವವರು ಕೈ ಎತ್ತಿ ಆಗಿತ್ತು. ಇದ್ದ ಕೈಗಳೆಲ್ಲ ಮೇಲಿದ್ದವು. ಬೆವರು ಸುರಿಸುತ್ತಾ ಬಂದ ಲಿಫ್ಟಣ್ಣ ಅಜ್ಜಿಯನ್ನು ಮೆಲ್ಲಗೆ ನೆಲಕ್ಕಿಳಿಸಿ ಗೋಡೆ ಹಿಡಿದುಕೊಂಡ. ಭಾರ ಎತ್ತುವುದರ ಬಗ್ಗೆ ಡಾಕ್ಟರು ಈಗ ಏನೂ ಹೇಳಲಿಲ್ಲ.

"ಅಮ್ಮಾ! ಬಿದ್ದಿದ್ರೆ ಏನು ಗತಿ?" ಎಂದು ಎತ್ತಿದ ಕೈ ಇಳಿಸುವುದನ್ನೂ ಮರೆತು ಕಾರ್ಯದರ್ಶಿ ಗದರಿದರು. "ಕೆಳಗೆ ಬರಬೇಕು ಅಂತ ನನಗೆ ಹೇಳಬಾರದಿತ್ತಾ?"

"ಮೂರು ತಿಂಗಳಿಂದ ಗಂಟೆ ಹೊಡೆದು ಹೇಳ್ತಾನೇ ಇದ್ದೀನಲ್ಲಪ್ಪಾ," ಎಂದರು ಅಜ್ಜಿ. ಸೆರಗು ಸರಿಮಾಡಿಕೊಂಡು, ಕೋಲೂರಿ, ಕುರ್ಚಿಗಳ ನಡುವೆ ದಾರಿ ಮಾಡಿಕೊಂಡು ಹೊರಟರು. ಬಾಗಿಲಲ್ಲಿ ತಿರುಗಿ ನಿಂತರು.

"ನಾನು ಗೇಟಿನ ತನಕ ನಡೆದು ಬರ್ತೀನಿ. ಅಷ್ಟರಲ್ಲಿ ನೀವೆಲ್ಲ ಕೂತು ಒಂದು ತೀರ್ಮಾನ ಮಾಡಿ. ಇವನಿಗಂತೂ ಇವತ್ತೇ ಕೊನೆ ದಿನ ಅಂತೆ. ನಾಳೆಯಿಂದ ನನ್ನನ್ನ ಹೊತ್ಕೊಂಡು ಹತ್ತೋ ವ್ಯಾಯಾಮ ಯಾರದು?"

ಕೋಲಿನ ಸದ್ದು ಗೇಟಿನ ಕಡೆ ಹೋಯಿತು. ಎತ್ತಿದ ಕೈಗಳು ಒಂದೊಂದಾಗಿ ಇಳಿದವು. ಎಲ್ಲಕ್ಕಿಂತ ಮೊದಲು ಇಳಿದದ್ದು ಕಾರ್ಯದರ್ಶಿಯದು.