ಬದನೆ ಗಿಡದ ಮಿಡತೆ

ಉಚ್ಚಂಗೆಮ್ಮ ಅಡುಗೆ ಕಟ್ಟೆಯ ಮೇಲೆ ಪಿಂಗಾಣಿ ಬೋಗುಣಿ ಇಟ್ಟುಕೊಂಡು ಫೋಟೋ ತೊಳೆಯುತ್ತಿದ್ದಳು. ಬದನೆ ಎಲೆ, ಅದರ ಮೇಲೊಂದು ಮಿಡತೆ. ಮೀಸೆಯ ಮೇಲಿನ ಇಬ್ಬನಿಯೂ ಕಾಣುತ್ತಿತ್ತು. ಹಿಂದೆ, ಮಬ್ಬಾಗಿ, ಪಕ್ಕದ ಮನೆಯ ಬಚ್ಚಲಿನ ಬಿದಿರ ತಟ್ಟಿ.

ಇಷ್ಟು ದಿನ ಅದು ಅವಳ ಕಣ್ಣಿಗೇ ಬಿದ್ದಿರಲಿಲ್ಲ.

"ಮೇಷ್ಟ್ರ, ಹೊರಗ ಬರ್ರಿ!"

ಹಿತ್ತಲ ಬೇಲಿಯಾಚೆ ಪಕ್ಕದ ಮನೆಯ ಕೊಟ್ರಬಸಮ್ಮ. ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳುವ, ಉಚ್ಚಂಗೆಮ್ಮನ ಗಂಡ ಚಂದ್ರಣ್ಣ ಗಡ್ಡ ಹೆರೆಯುವುದನ್ನು ಅರ್ಧಕ್ಕೇ ಬಿಟ್ಟು, ನೊರೆ ಮೆತ್ತಿದ ಗಲ್ಲದಲ್ಲೇ ಹೋದ. ಉಚ್ಚಂಗೆಮ್ಮ ಬಾಗಿಲ ಹಿಂದೆ ನಿಂತಳು.

"ದಿನಾ ಬೆಳಗಾದ್ರ ಪೈಜಾಮ ಏರಿಸ್ಕಂಡು, ತಲಿಮ್ಯಾಲ ಕರೇ ಬಟ್ಟಿ ಹೊದ್ಕಂಡು ಬೇಲಿ ಬುಡಕ್ಕ ಕುಂದರ್ತೀರಿ. ಹುಳದ ಫೋಟೋ ಹುಚ್ಚು ಅಂತ ನಾನೂ ಸುಮ್ನಿದ್ದೆ. ಇವತ್ತು ನನ್ನ ಸೊಸಿ ನೀರು ಹಾಕ್ಕಳಾಗ ಆ ಡಬ್ಬಿ ಕಣ್ಣು ನೆಟ್ಟಗ ತಟ್ಟಿ ಕಡಿಗೇ ಇತ್ತಲ್ರೀ! ಹುಳ ನಮ್ಮ ಬಚ್ಚಲದಾಗ ಇತ್ತೇನು?"

ಚಂದ್ರಣ್ಣ ಒಮ್ಮೆ ಬಾಗಿಲ ಕಡೆ ತಿರುಗಿ ನೋಡಿದ. ಉಚ್ಚಂಗೆಮ್ಮ ತಲೆ ತಗ್ಗಿಸಿದಳು.

"ತಪ್ಪಾತು ಯವ್ವಾ," ಎಂದ ಅವನು. "ಇನ್ನ ಕ್ಯಾಮೆರಾ ಬೇಲಿ ಕಡಿ ಬರಂಗಿಲ್ಲ."

"ತಪ್ಪಾತು ಅಂದ್ರ ಮುಗೀತೇನು? ನಾಳೆ ನಿಮ್ಮ ಸಾಲಿಗೇ ಬರ್ತೀನಿ. ಹೆಣ್ಣುಡುಗ್ರಿಗೆ ಪಾಠ ಹೇಳೋರ ಬುದ್ಧಿ ಎಂಥದ್ದಂತ ಎಲ್ರಿಗೂ ಗೊತ್ತಾಗ್ಲಿ. ಆಮ್ಯಾಲ ಬೇಕಾದ್ರ ಹಲಕುಂದಿ ಮಠದಾಗ ಆಣಿ ಮಾಡ್ರಿ!"

ಅವಳು ಹೋದಳು. ಆಚೀಚೆ ಕಿಟಕಿಗಳು ಒಂದೊಂದಾಗಿ ಮುಚ್ಚಿಕೊಂಡವು. ಮಾತು ಶಾಲೆಗೆ ಮುಟ್ಟಿದರೆ ಮೇಷ್ಟ್ರ ಕೆಲಸ ಉಳಿಯುವುದಿಲ್ಲ.

ಚಂದ್ರಣ್ಣ ಒಳಗೆ ಬಂದು, ಒಣಗಿದ ನೊರೆಯನ್ನು ಪಂಚೆಯಲ್ಲಿ ಒರೆಸಿಕೊಂಡ.

"ನೀವ್ಯಾಕ ಒಪ್ಕಂಡ್ರಿ?" ಉಚ್ಚಂಗೆಮ್ಮ ಕೇಳಿದಳು.

"ಮತ್ತೇನು ಹೇಳ್ಲಿ? ಖರೇ ಹೇಳಿದ್ರ ಈ ಓಣ್ಯಾಗ ನೀನು ತಲಿ ಎತ್ತಿ ತಿರುಗಾಕ ಆಕ್ಕತೇನು?"

ಬಿಳಿ ದೊರೆಗಳು ಕಂಟೋನ್ಮೆಂಟ್ ಖಾಲಿ ಮಾಡುವಾಗ ಹರಾಜಿನಲ್ಲಿ ಅವನೇ ಹಿಡಿದು ತಂದ ಕ್ಯಾಮೆರಾ ಅದು. ಈಗ ಅದರ ಕಾಲು ಮಡಚಿ ಅಟ್ಟಕ್ಕೇರಿಸಲು ಹೊರಟ.

"ಇವತ್ತೊಂದಿನ ಇರ್ಲಿ ಬಿಡ್ರಿ," ಎಂದಳು.

ಅವನು ಕ್ಯಾಮೆರಾ ಕೆಳಗಿಟ್ಟ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಅಂಗಿ ತೊಟ್ಟು, ಓಣಿಯ ಜನರ ಕಣ್ಣ ಮುಂದೆಯೇ ತಲೆ ಬಗ್ಗಿಸಿಕೊಂಡು ಶಾಲೆಗೆ ನಡೆದ. ಉಚ್ಚಂಗೆಮ್ಮನಿಗೆ ನಾಚಿಕೆಯಾಯಿತು. ಬಾಯಿದ್ದೂ ಬಾಗಿಲ ಹಿಂದೆ ನಿಂತಿದ್ದಳಲ್ಲ, ಒಂದೇ ಒಂದು ಮಾತಾಡದೆ.

ಮಧ್ಯಾಹ್ನ ರೊಟ್ಟಿ ಬಡಿದಳು. ಸಂಜೆ ಅವನು ಬಂದಾಗ ನೀರು ಕೊಟ್ಟಳು. ಮನಸ್ಸಿನಲ್ಲಿ ತೀರ್ಮಾನಿಸಿದ್ದನ್ನು ಅವನಿಗೂ ಹೇಳಲಿಲ್ಲ.

ಸೆರಗು ಮುಳ್ಳಿಗೆ ಸಿಕ್ಕಿ ಹರಿದರೂ ಸರಿ, ನಾಳೆ ಗಂಡನ ಪೈಜಾಮ ತೊಡುವುದು ಬೇಡ. ಎಂದಿನಂತೆ ಬೇಲಿ ಬುಡದಲ್ಲಿ, ಆದರೆ ಸೀರೆಯಲ್ಲೇ ಕೂತು, ಕೊಟ್ರಬಸಮ್ಮ ಕೂಗಿದ ಕೂಡಲೇ ಕರಿಬಟ್ಟೆ ಸರಿಸಿ ತನ್ನ ಮುಖ ತೋರಿಸಬೇಕು.