ಕೆಳಗಿನ ಚಿಲಕ

ಮಗಳ ಒದ್ದೆ ಫ್ರಾಕ್ ಬದಲಿಸಲೆಂದು ಬಾಗಿಲು ಹಾಕಹೋದ ತಂಗಿಯ ಕೈ ಅಲ್ಲೇ ನಿಂತಿತು. ಅಕ್ಕನ ಮಗಳ ಕೋಣೆಯ ಬಾಗಿಲಿಗೆ ಒಳಗಡೆ ಎರಡು ಚಿಲಕಗಳಿದ್ದವು. ಒಂದು ಮೇಲೆ, ಎಲ್ಲ ಬಾಗಿಲಿಗೂ ಇರುವಂಥದ್ದು. ಇನ್ನೊಂದು ತಂಗಿಯ ಮೊಣಕಾಲಿನಿಂದ ಗೇಣು ಮೇಲಕ್ಕೆ, ಇನ್ನೂ ಹೊಳೆಯುತ್ತಿತ್ತು.

“ಅದು ನಂದು ಚಿಕ್ಕಮ್ಮ,” ಎಂದಳು ಅಕ್ಕನ ಮಗಳು ಹೆಮ್ಮೆಯಿಂದ. “ಚಿಕ್ಕಪ್ಪ ನಮ್ಮನೇಲಿ ಇದ್ದಾಗ ಅಮ್ಮ ಹಾಕಿಸಿದ್ದು. ಅಮ್ಮ ಹೊರಗೆ ಹೋದ್ರೆ ಹಾಕ್ಕೋಬೇಕು. ಅವರು ಚಾಕಲೇಟ್ ಕೊಡ್ತೀನಿ ಅಂದ್ರೂ ತೆಗೀಬಾರ್ದು.”

ಅಲ್ಲೇ ಮಂಚದ ಮೇಲೆ ಕೂತಿದ್ದ ಅಕ್ಕನ ಕೈಯಿಂದ ಮಡಿಸುತ್ತಿದ್ದ ಬಟ್ಟೆ ಜಾರಿತು. ಆ ಚಿಕ್ಕಪ್ಪ ಅಕ್ಕನ ಮೈದುನ. ಈಗ ತಂಗಿಯ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದಾನೆ. “ಹುಡುಗ ಅಪರಂಜಿ ಕಣೇ. ಮೇಲಿನ ರೂಮು ಕೊಡು, ನೀನು ಲ್ಯಾಬಿನಿಂದ ಬರೋವರೆಗೆ ಮಗೂನೂ ನೋಡ್ಕೋತಾನೆ” ಎಂದು ಒಪ್ಪಿಸಿದವಳು ಇದೇ ಅಕ್ಕ.

“ಏನೂ ಆಗಿರ್ಲಿಲ್ಲ ಕಣೇ,” ಅಕ್ಕ ನೆಲ ನೋಡುತ್ತ ಹೇಳಿದಳು. “ಯಾಕೋ ಅನುಮಾನ ಬಂತು. ನಿಮ್ಮ ಭಾವನ ಹತ್ರ ಹೇಳೋಕಾಗುತ್ತಾ? ಒಡಹುಟ್ಟಿದವನು. ಹೇಗಾದ್ರೂ ಮನೆಯಿಂದ ಹೋದ್ರೆ ಸಾಕಾಗಿತ್ತು.”

“ಅವನನ್ನ ನಮ್ಮನೆಗೆ ಸಾಗಹಾಕುವಾಗ ಈ ಚಿಲಕಾನೂ ಬಿಚ್ಚಿ ಕೊಡಬಾರದಿತ್ತೇನೆ ಅಕ್ಕ?”

ಬಾಗಿಲ ಬಳಿ ಕಿಟಕ್ ಎಂದು ಸದ್ದಾಯಿತು. ತಂಗಿಯ ಮಗಳು ಬಾಗಿಲು ಮುಚ್ಚಿ ಕೆಳಗಿನ ಚಿಲಕ ಹಾಕಿದ್ದಳು. ಎರಡೂ ಕೈಯಿಂದ ಬಾಗಿಲನ್ನು ಜಗ್ಗಿದಳು. ಅದು ತೆರೆಯಲಿಲ್ಲ. ಖಾತ್ರಿಯಾಗದವಳಂತೆ ಮತ್ತೊಮ್ಮೆ ಜಗ್ಗಿದಳು.

“ಅಮ್ಮ, ನನ್ನ ರೂಮಿಗೂ ಇಂಥದ್ದು ಹಾಕಿಸ್ತೀಯಾ? ಇವತ್ತೇ?”