ಹಲ್ಲಿರುವ ಬೆಲ್ಟು

ಹಳೆಯ ರಬ್ಬರಿನ ವಾಸನೆ ಬಂದರೆ ಈಗಲೂ ನನಗೆ ವಾಕರಿಕೆ ಬರುತ್ತದೆ.

ಚನ್ನಪಟ್ಟಣದಲ್ಲಿ ದೊಡ್ಡಪ್ಪನಿಗೆ ಅರಗಿನ ಬಣ್ಣದ ಗೊಂಬೆ ಮಾಡುವ ಕಾರ್ಖಾನೆಯಿತ್ತು. ಹೆದ್ದಾರಿ ಪಕ್ಕ ಫ್ಯಾಕ್ಟರಿಗಳು ಏಳುತ್ತಿದ್ದ ಕಾಲದಲ್ಲಿ ಅವನು ಹಳೆಯ ಕೆಂಪು ಸ್ಪೋರ್ಟ್ಸ್ ಕಾರೊಂದನ್ನು ತಂದಿದ್ದ. ಒಂದು ಮಧ್ಯಾಹ್ನ ಅದರ ಎಂಜಿನ್ನಿಗೆ ಒಳಮೈಯಲ್ಲಿ ಸಾಲು ಹಲ್ಲುಗಳಿರುವ ಹೊಸ ರಬ್ಬರಿನ ಟೈಮಿಂಗ್ ಬೆಲ್ಟ್ ಹಾಕಿ, ಎರಡು ಬೆರಳಲ್ಲಿ ಹಿಡಿದು ತಿರುಚಿ ತೋರಿಸಿದ.

“ಕಾಲು ಸುತ್ತು ತಿರುಗ್ಬೇಕು ಕಣ್ ಮಗ. ಸಡ್ಲಾದ್ರೆ ಹಲ್ಲು ತಪ್ತದೆ, ಬಿಗಿಯಾದ್ರೆ ಹರ್ದೋಯ್ತದೆ. ಕೂಸಿನ್ ಕೈ ಹಿಡ್ದಂಗೆ ಹಿಡೀಬೇಕು.”

ನಟ್ಟನ್ನು ಒಂದಿಷ್ಟು ಸಡಿಲಿಸಿ, ಬಿಗಿದು, ಮತ್ತೆ ಮತ್ತೆ ತಿರುಚಿ ನೋಡಿದ.

ದೊಡ್ಡಮ್ಮ ಬಾಗಿಲಲ್ಲಿ ನಿಂತು, “ಮುದ್ದೆ ಆರೋಯ್ತದೆ, ಬನ್ನಿ” ಎಂದು ಎರಡನೇ ಸಲ ಕರೆದರು. ದೊಡ್ಡಪ್ಪ ಬಿಚ್ಚಿ ಎಸೆದಿದ್ದ ಹಳೆಯ ಬೆಲ್ಟನ್ನು ಎತ್ತಿಕೊಂಡು ಅವರ ಹಿಂದೆಯೇ ಒಳಹೋದ. ಛಟೀರ್ ಛಟೀರ್ ಎಂದು ಸದ್ದು ಬಂತು.

ಊಟಕ್ಕೆ ಕೂತಾಗ ದೊಡ್ಡಮ್ಮನ ತೋಳಿನ ಮೇಲೆ ಬೆಲ್ಟಿನ ಹಲ್ಲುಗಳು ಸಾಲಾಗಿ ಮೂಡಿದ್ದವು. ಬಡಿಸುವ ಕೈಯಿಂದ ರಬ್ಬರಿನ ವಾಸನೆ ಬರುತ್ತಿತ್ತು. ನನ್ನ ಪಕ್ಕ ಕೂತಿದ್ದ ಅಜ್ಜಿ ಆ ಬರೆಗಳನ್ನು ನೋಡಿ, “ಗಂಡಸ್ರು ಕೆಲ್ಸದಲ್ಲಿದ್ದಾಗ ಕರೀಬಾರ್ದು ಕಣವ್ವ” ಎಂದರು. ದೊಡ್ಡಪ್ಪ ಬೆಲ್ಟ್ ತಿರುಚಿದ ಆ ಬೆರಳುಗಳನ್ನೇ ಚಪ್ಪರಿಸಿ ನೆಕ್ಕುತ್ತಿದ್ದ.

ನಾನು ಮುರಿದ ಮುದ್ದೆಯನ್ನು ತಟ್ಟೆಯಲ್ಲೇ ಬಿಟ್ಟೆ.

“ಯಾಕ್ ಮಗ, ಸಾರು ಸಪ್ಪೆ ಆಯ್ತಾ?” ಎಂದು ಕೇಳಿದರು ದೊಡ್ಡಮ್ಮ.